ಗೆರೆ ಮುಟ್ಟದ ಲೋಟ

ಮಾರ್ಚ್ 3, ಸೋಮವಾರ

ಇವತ್ತು ಲಾರಿ ಡಿಪೋದಲ್ಲಿ ಮೊದಲ ದಿನ. ಬೆಳಿಗ್ಗೆ ಇಲ್ಲೇ ಲಾರಿ ಓಡಿಸುವ ಅಣ್ಣನೇ ಬಂದು ಕರೆದುಕೊಂಡು ಹೋದ. ಗೇಟಿನ ಕಾವಲುಗಾರನಿಗೆ, ಟಯರ್ ಬಿಚ್ಚುತ್ತಿದ್ದವರಿಗೆ, ಎದುರು ಸಿಕ್ಕ ಚಾಲಕರಿಗೆಲ್ಲ, "ನನ್ನ ತಂಗಿ ಕಣಯ್ಯಾ, ನರ್ಸಿಂಗ್ ಓದಿದೋಳು. ಇನ್ಮೇಲೆ ನಿಮ್ಮ ಜುಟ್ಟು ಇವಳ ಕೈಲಿ" ಎಂದು ಹೇಳಿಕೊಂಡು ಬಂದ. ಹಿಂದಿನಿಂದ ಯಾರೋ, "ಜುಟ್ಟಲ್ಲ ಬಿಡಣ್ಣಾ, ಬೇರೆ ಏನೋ" ಎಂದರು. ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು.

ನನ್ನ ಕೋಣೆ ಡಿಪೋದ ಹಿಂಭಾಗದಲ್ಲಿದೆ. ಮೊದಲು ಹಳೆಯ ಬ್ಯಾಟರಿಗಳನ್ನು ಇಡುತ್ತಿದ್ದರಂತೆ. ಸುಣ್ಣ ಬಳಿದಿದ್ದಾರೆ, ಆಸಿಡ್ ವಾಸನೆ ಮಾತ್ರ ಹೋಗಿಲ್ಲ. ಒಂದು ಮೇಜು, ಎರಡು ಕುರ್ಚಿ, ಉಸಿರು ಊದುವ ಯಂತ್ರ, ಚಾಲಕರ ಜೇಬಿನಲ್ಲಿರುವುದನ್ನೆಲ್ಲ ತೆಗೆದಿಟ್ಟು ಬೀಗ ಹಾಕುವ ಪೆಟ್ಟಿಗೆ. ಒಳಗೆ ಶೌಚಾಲಯ. ಅಲ್ಲಿನ ನಲ್ಲಿಗೆ ಟೇಪು ಸುತ್ತಿದೆ, ಕಮೋಡಿನ ನೀರಿಗೆ ನೀಲಿ ಹಾಕಿದೆ. ಮೂತ್ರದ ಸ್ಯಾಂಪಲ್ಲಿಗೆ ಯಾರೂ ನೀರು ಬೆರೆಸಬಾರದಲ್ಲ, ಅದಕ್ಕೆ.

ಹೋದ ವರ್ಷ ನಿದ್ದೆ ತಡೆಯುವ ಗುಳಿಗೆ ನುಂಗಿದ ಚಾಲಕನೊಬ್ಬ ಹೆದ್ದಾರಿಯಲ್ಲಿ ಶಾಲೆಯ ವ್ಯಾನಿನ ಮೇಲೆ ಟ್ಯಾಂಕರ್ ಹತ್ತಿಸಿದ ಮೇಲೆ ಬಂದ ರೂಲು ಇದು. ಕಂಪ್ಯೂಟರ್ ಯಾವ ದಿನ ಯಾರ ಹೆಸರನ್ನಾದರೂ ಎತ್ತಬಹುದು. ಹೆಸರು ಬಂದವರು ಲಾರಿ ಹತ್ತುವ ಮೊದಲು ನನ್ನ ಹತ್ತಿರ ಬರಬೇಕು. ಕುಡಿದದ್ದು ಉಸಿರಿನಲ್ಲಿ ಗೊತ್ತಾಗುತ್ತದೆ, ಗುಳಿಗೆ ಮೂತ್ರದಲ್ಲಿ. ಈ ಕೆಲಸ ಖಾಲಿಯಿದೆ ಎಂದು ಹೇಳಿದವನೂ ಅಣ್ಣನೇ, ನನ್ನ ಪರವಾಗಿ ಆಫೀಸರ್ ಮುಂದೆ ಹೋಗಿ ನಿಂತವನೂ ಅವನೇ.

ಇಲ್ಲಿ ನಡೆದದ್ದನ್ನು ಮನೆಯವರಿಗೂ ಹೇಳಬಾರದು ಎಂದು ಸಹಿ ಮಾಡಿಸಿಕೊಂಡಿದ್ದಾರೆ. ನನ್ನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಮಗಳ ಹತ್ತಿರ ಬಾಯಿಬಿಡುವ ಬದಲು ಇಲ್ಲಿ ಬರೆದುಬಿಡುತ್ತೇನೆ.

ಮಾರ್ಚ್ 7, ಶುಕ್ರವಾರ

ನನಗೆ ಹೆಸರು ಬಿದ್ದಾಯಿತು. ಲೋಟದಮ್ಮ. ಕ್ಯಾಂಟೀನಿನಲ್ಲಿ ನಾನು ಟೀ ಲೋಟ ಎತ್ತಿಕೊಂಡರೆ ಸಾಕು, "ಮೇಡಂ, ಗೆರೆ ತನಕ ತುಂಬಿದೆಯಾ ನೋಡ್ಕೊಳ್ಳಿ" ಎನ್ನುತ್ತಾರೆ. ದೊಡ್ಡ ದೊಡ್ಡ ಗಂಡಸರು, ಹದಿನಾರು ಚಕ್ರದ ಗಾಡಿಯನ್ನು ಹಿಂದಕ್ಕೆ ಸರಿಸಿ ಸಂದಿಯಲ್ಲಿ ನಿಲ್ಲಿಸುವವರು, ಕೈಯಲ್ಲಿ ಪ್ಲಾಸ್ಟಿಕ್ ಲೋಟ ಹಿಡಿದು ನಿಂತಾಗ ಶಾಲೆ ಮಕ್ಕಳ ಹಾಗೆ ಕಾಣುತ್ತಾರೆ. ಒಬ್ಬರು ವಯಸ್ಸಾದ ಚಾಲಕರು, "ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಅಂತ ಕೇಳಿದ್ದೆ. ಈಗ ನನ್ನ ನೀರಿಗೂ ಬಂತು ನೋಡು" ಎಂದರು. ನನಗೂ ನಗು ತಡೆಯಲಾಗಲಿಲ್ಲ. ಅವರು ಒಳಗಿದ್ದಷ್ಟು ಹೊತ್ತು ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದೆ. ಕಿವಿಗೊಟ್ಟು ಕೇಳಬೇಕು ಎಂದು ತರಬೇತಿಯಲ್ಲಿ ಹೇಳಿದ್ದಾರೆ. ನನಗೆ ನಾಚಿಕೆ.

ಮಾರ್ಚ್ 20, ಗುರುವಾರ

ಇವತ್ತು ಒಬ್ಬ ಸಿಕ್ಕಿಬಿದ್ದ. ಎಲ್ಲರೂ ಅವನನ್ನು ಕೋಗಿಲೆ ಎನ್ನುತ್ತಾರೆ. ಗಂಟಲು ಒಡೆದ ತಗಡಿನಂತಿದ್ದರೂ ಸದಾ ಹಾಡುತ್ತಿರುತ್ತಾನೆ. ಯಂತ್ರ ಊದಿದ. ಅಂಕಿ ಮೇಲೆ ಹೋಯಿತು. ಕಾಲು ಗಂಟೆ ಬಿಟ್ಟು ಮತ್ತೆ ಊದಿಸಬೇಕು. ಆ ಕಾಲು ಗಂಟೆ ಎದುರು ಕುರ್ಚಿಯಲ್ಲಿ ಕೂತು ಅವನು ಕೈ ಮುಗಿದುಕೊಂಡೇ ಇದ್ದ. "ನಿನ್ನೆ ಕುಡಿದಿದ್ದು ಮೇಡಂ, ಮಲಗಿ ಎದ್ದು ಬಂದಿದ್ದೀನಿ. ಮನೇಲಿ ಚಿಕ್ಕ ಮಗು ಇದೆ. ಯಂತ್ರ ಕೆಟ್ಟಿದೆ ಅಂತ ಒಂದು ಮಾತು ಬರೀರಿ." ಎರಡನೆಯ ಸಲವೂ ಅಂಕಿ ಇಳಿಯಲಿಲ್ಲ. ಬರೆದುಕೊಟ್ಟೆ. ಅವನ ಲಾರಿಯ ಕೀಲಿಯನ್ನು ಇನ್ನೊಬ್ಬನಿಗೆ ಕೊಟ್ಟರು.

ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಆಫೀಸರ್ ಬಂದವರು ನೋಡಿಬಿಟ್ಟರು. ಕೆಟ್ಟ ಮನುಷ್ಯರಲ್ಲ. "ಅಳಬೇಡಿ. ಅವನ ಲಾರಿ ಎದುರಿಗೆ ಬರೋ ವ್ಯಾನಲ್ಲಿ ನಿಮ್ಮ ಮಗಳೇ ಇದ್ದಿದ್ರೆ?" ಎಂದರು.

ಅದೂ ನಿಜವೇ. ಆದರೂ ಊಟ ಸೇರಲಿಲ್ಲ.

ಏಪ್ರಿಲ್ 9, ಬುಧವಾರ

ಒಬ್ಬ ಭೂಪ ಬೇರೆ ಯಾರದ್ದೋ ಮೂತ್ರವನ್ನು ಕೆಮ್ಮಿನ ಔಷಧಿಯ ಬಾಟಲಿಯಲ್ಲಿ ತುಂಬಿ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದ. ಬಿಸಿ ಆರದಿರಲಿ ಎಂದು ಎರಡು ಸ್ವೆಟರ್ ಬೇರೆ. ಈ ಸೆಕೆಯಲ್ಲಿ ಸ್ವೆಟರ್ ನೋಡಿದಾಗಲೇ ಅನುಮಾನ ಬಂದಿತ್ತು. ಲೋಟದ ಹೊರಗೆ ಅಂಟಿಸಿರುವ ಪಟ್ಟಿ ಮೈಯ ಬಿಸಿ ಇದ್ದರೆ ಮಾತ್ರ ಬಣ್ಣ ತೋರಿಸುತ್ತದೆ. ತೋರಿಸಲಿಲ್ಲ. ಆಫೀಸರ್ ನನ್ನನ್ನು ಎಲ್ಲರ ಮುಂದೆ ಹೊಗಳಿದರು. ಈ ಪರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡುವವರನ್ನು ನೋಡಿಲ್ಲ ಎಂದರು.

ಸಂಜೆ ಅಣ್ಣ ಮನೆಗೆ ಬಂದಿದ್ದ. "ಏನೇ ಪುಟ್ಟಿ, ಸ್ವೆಟರ್ ಕಥೆ ಡಿಪೋ ತುಂಬ ಹರಡಿದೆ. ನೀನೂ ಸ್ವಲ್ಪ ಹೇಳೇ" ಎಂದ. ಹೇಳುವ ಹಾಗಿಲ್ಲ ಎಂದೆ. "ಅಯ್ಯೋ, ನನ್ನ ಹತ್ರಾನೂ ಬಾಯಿಗೆ ಬೀಗಾನಾ?" ಎಂದು ನಕ್ಕ. ಅವನೂ ಚಾಲಕನೇ ಅಲ್ಲವೇ? ಇವತ್ತಲ್ಲ ನಾಳೆ ಅವನ ಹೆಸರೂ ಬರಬಹುದು.

ಏಪ್ರಿಲ್ 27, ಭಾನುವಾರ

ಮಗಳು ಗೆಳತಿಯ ಮನೆಯಿಂದ ಬಂದಳು. ಚಪ್ಪಲಿ ಬಿಡುವಾಗ ಹತ್ತಿರ ಹೋದೆ. "ಏನಮ್ಮಾ, ನನ್ನನ್ನೂ ಮೂಸ್ತೀಯಾ?" ಎಂದು ಕೂಗಾಡಿ ಬಾಗಿಲು ಹಾಕಿಕೊಂಡಳು. ನಾನು ಮೂಸಲಿಲ್ಲ. ಮೂಗು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ. ಬಸ್ಸಿನಲ್ಲಿ ಪಕ್ಕ ಕೂತವರ ಉಸಿರೂ ಗೊತ್ತಾಗುತ್ತದೆ. ಒಳ್ಳೆಯದೇ ಅಲ್ಲವೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಯಾಕೆ?

ಮಧ್ಯಾಹ್ನ ಅಣ್ಣನ ಮನೆಗೆ ಹೋಗಿದ್ದೆ. ಅತ್ತಿಗೆ ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಹೇಳಿದರು: "ಇವರಿಗೆ ಒಂದಕ್ಕೆ ಹೋಗೋದೇ ಕಷ್ಟ ಆಗಿದೆ ಕಣೇ. ಬಚ್ಚಲಲ್ಲಿ ನಿಂತ್ರೆ ನಿಂತೇ ಇರ್ತಾರೆ. ಡಾಕ್ಟ್ರ ಹತ್ರ ಹೋಗೋಣ ಅಂದ್ರೆ ಕಚ್ಚೋಕೆ ಬರ್ತಾರೆ. ಏನಾದ್ರೂ ಕಾಯಿಲೆ ಅಂತ ಬರೆದ್ರೆ ಗಾಡಿ ಓಡಿಸೋಕೆ ಬಿಡಲ್ಲ ಅಂತ ಭಯ." ಅಣ್ಣನನ್ನು ಕೇಳಿದೆ. "ವಯಸ್ಸಾದ ಇಂಜಿನ್ನು, ಸ್ಟಾರ್ಟ್ ಆಗೋಕೆ ಹೊತ್ತಾಗುತ್ತೆ" ಎಂದು ಮಾತು ಹಾರಿಸಿದ.

ಮೇ 15, ಗುರುವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಬೆಳಗಿನ ಪಟ್ಟಿಯಲ್ಲಿ ಅಣ್ಣನ ಹೆಸರಿತ್ತು. ಸಂಬಂಧಿಕರ ಸ್ಯಾಂಪಲ್ಲನ್ನು ಸಂಬಂಧಿಕರು ತೆಗೆದುಕೊಳ್ಳುವಂತಿಲ್ಲ. ಆಫೀಸರ್ ಹತ್ತಿರ ಹೋಗಿ, "ಸರ್, ಇವರು ನಮ್ಮಣ್ಣ. ಬೇರೆಯವರನ್ನ ಕರೆಸಿ" ಎಂದೆ.

"ಸ್ಯಾಂಪಲ್ ತಗೊಳ್ಳೋ ಇನ್ನೊಬ್ಬ ರಜದಲ್ಲಿದ್ದಾನೆ. ಲ್ಯಾಬಿಂದ ಯಾರಾದ್ರೂ ಬರೋ ಹೊತ್ತಿಗೆ ಸಂಜೆ ಆಗುತ್ತೆ, ಲೋಡು ಕಾಯ್ತಾ ಇದೆ. ಕುಡಿಯದ ಮನುಷ್ಯ, ಐದು ನಿಮಿಷದ ಕೆಲಸ. ನೀವೇ ಮುಗಿಸಿ" ಎಂದರು. ಚಾಲಕನಿಗೂ ನನಗೂ ಯಾವ ಸಂಬಂಧವೂ ಇಲ್ಲ ಎಂಬ ಸಾಲಿನ ಕೆಳಗೆ ಸಹಿ ಮಾಡಬೇಕು. ದಿನವೂ ಮಾಡುವ ಸಹಿಯೇ. ಮಾಡಿದೆ.

ಅಣ್ಣ ನಗುತ್ತಲೇ ಬಂದ. ಜೇಬಿನಿಂದ ಬಾಚಣಿಗೆ, ಕರವಸ್ತ್ರ, ಲಾರಿ ಕೀಲಿ ತೆಗೆದಿಟ್ಟ. ಊದಿದ. ಸೊನ್ನೆ. "ಆಯ್ತಲ್ಲ?" ಎಂದ. ಲೋಟ ಕೊಟ್ಟೆ. ಒಳಗೆ ಹೋಗಿ ಬಹಳ ಹೊತ್ತಾದ ಮೇಲೆ ಬಂದ. ತಳ ಒದ್ದೆಯಾಗಿತ್ತು, ಅಷ್ಟೇ. ಅಷ್ಟು ಸಾಲದು, ಗೆರೆ ಮುಟ್ಟಬೇಕು. ಮುಟ್ಟದಿದ್ದರೆ ಚೆಲ್ಲಿ, ಕುಡಿಯಲು ನೀರು ಕೊಟ್ಟು, ಮೂರು ಗಂಟೆ ಕಾಯಬೇಕು. ಅಲ್ಲಿಯತನಕ ಚಾಲಕ ಕೋಣೆ ಬಿಟ್ಟು ಹೋಗುವಂತಿಲ್ಲ. ಮೂರು ಗಂಟೆಯೊಳಗೆ ಕೊಡದಿದ್ದರೆ ಪರೀಕ್ಷೆಗೆ ಒಪ್ಪದವನು ಎಂದು ಲೆಕ್ಕ. ಅಂದರೆ ಕುಡಿದು ಸಿಕ್ಕಿಬಿದ್ದವನಿಗೂ ಅವನಿಗೂ ವ್ಯತ್ಯಾಸವಿಲ್ಲ.

ನೀರು ಕುಡಿದ. ಗೋಡೆಗೆ ಒರಗಿ ಕೂತ. "ನೀನು ಚಿಕ್ಕೋಳಿದ್ದಾಗ ಅಂಗಳದಲ್ಲಿ ಕೂರಿಸಿಕೊಂಡು ಸುಸ್ಸೂ ಅಂತಿದ್ದೆ ಕಣೇ. ತಕ್ಷಣ ಮಾಡ್ತಿದ್ದೆ. ಈಗ ನೀನು ನನಗೆ ಅನ್ನು, ನೋಡೋಣ" ಎಂದ. ನಕ್ಕುಬಿಟ್ಟೆ. ಆಮೇಲೆ ಈ ಕೋಣೆಯಲ್ಲಿ ಇಂಥ ಮಾತು ಸಲ್ಲದು ಎಂದು ಫಾರಂ ಎಳೆದುಕೊಂಡು ವೇಳೆ ಬರೆದೆ.

ಎರಡನೆಯ ಗಂಟೆಗೆ ಅವನ ಮುಖ ಬಾಡಿತು. ಕಿಬ್ಬೊಟ್ಟೆ ಹಿಡಿದುಕೊಂಡು ಓಡಾಡಿದ. ಹಣೆಯಲ್ಲಿ ಬೆವರು. ಹೊರಗಿನಿಂದ ಲೋಡಿನವರು ಹಾರ್ನ್ ಹೊಡೆಯುತ್ತಿದ್ದರು. "ಬರ್ತಿದೆ, ಬಾಗಿಲು ತೆಗಿ" ಎಂದು ಒಳಗೆ ಹೋದ. ನಾನು ಬಾಗಿಲಿಗೆ ಕಿವಿಗೊಟ್ಟು ನಿಂತೆ. ಅವನು ನರಳುವುದು ಕೇಳಿಸಿತು. ಬಂದವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ, ತುಳುಕೀತು ಎಂಬ ಹಾಗೆ. ಅರ್ಧವಿತ್ತು. ಗೆರೆ ಮುಟ್ಟಿರಲಿಲ್ಲ. ಚಾಲಕನ ಎದುರಿಗೇ ಚೆಲ್ಲಬೇಕು. ಚೆಲ್ಲಿದೆ.

"ಪುಟ್ಟೀ, ಅಷ್ಟಕ್ಕೇ ಎಷ್ಟು ಕಷ್ಟಪಟ್ಟೆ ಗೊತ್ತೇನೇ" ಎಂದ.

ಮೂರನೆಯ ಗಂಟೆಯ ಕೊನೆಯಲ್ಲಿ ಚಾಲಕ ಇನ್ನಷ್ಟು ಸಮಯ ಕೇಳಿದ. "ಇನ್ನು ಸ್ವಲ್ಪ ಹೊತ್ತು ಬಿಡು. ಗಡಿಯಾರ ನೋಡೋರು ಇಲ್ಲಿ ಯಾರಿದ್ದಾರೆ? ನೀನು, ನಾನು."

"ನಾನಿದ್ದೀನಲ್ಲ ಅಣ್ಣಾ" ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಕೋಗಿಲೆಗೆ ಕೊಡದ ರಿಯಾಯಿತಿಯನ್ನು ಇವನಿಗೆ ಹೇಗೆ ಕೊಡಲಿ? ವೇಳೆ ಬರೆದು, ಪರೀಕ್ಷೆ ನಿಲ್ಲಿಸಿ, ಆಫೀಸರಿಗೆ ಫೋನ್ ಮಾಡಿದೆ. ಪೆಟ್ಟಿಗೆಯಿಂದ ಬಾಚಣಿಗೆ, ಕರವಸ್ತ್ರ ಕೊಟ್ಟೆ. ಕೀಲಿ ಕೊಡುವ ಹಾಗಿರಲಿಲ್ಲ.

ಕಿಟಕಿಯಿಂದ ನೋಡುತ್ತಿದ್ದೆ. ಅಂಗಳ ದಾಟುತ್ತಿದ್ದವನು ನಡುವೆ ನಿಂತುಬಿಟ್ಟ. ಪ್ಯಾಂಟು ಮೇಲಿನಿಂದ ಕೆಳಗಿನತನಕ ಒದ್ದೆಯಾಯಿತು. ಲಾರಿಗಳ ಹತ್ತಿರ ಅಷ್ಟೊಂದು ಜನ ನಿಂತಿದ್ದರು. ಯಾರೂ ನಗಲಿಲ್ಲ. ಯಾರೋ ಒಬ್ಬರು ತಮ್ಮ ಟವೆಲ್ ತಂದು ಅವನ ಸೊಂಟಕ್ಕೆ ಸುತ್ತಿದರು.

ಸ್ವಲ್ಪ ಮುಂಚೆ ಆಗಿದ್ದರೆ ಎಂದುಕೊಂಡೆ. ಲೋಟದೊಳಗೆ ಬೀಳದ್ದನ್ನು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ.

ಮೇ 16, ಶುಕ್ರವಾರ

ಬೆಳಿಗ್ಗೆ ಆಫೀಸರ್ ಕರೆದರು. ಕಷ್ಟದ ಕೆಲಸವನ್ನು ಸರಿಯಾಗಿ ಮಾಡಿದ್ದೀರಿ ಎಂದರು. ದಾರಿ ಇನ್ನೂ ಮುಚ್ಚಿಲ್ಲವಂತೆ. ಐದು ದಿನದೊಳಗೆ ತಜ್ಞ ವೈದ್ಯರ ಹತ್ತಿರ ಹೋಗಿ, ಮೂತ್ರ ಬಾರದಿರಲು ಕಾಯಿಲೆಯೇ ಕಾರಣ ಎಂದು ಬರೆಸಿಕೊಂಡು ಬಂದರೆ ಪರೀಕ್ಷೆ ರದ್ದಾಗುತ್ತದೆ. ಮನಸ್ಸು ಹಗುರವಾಯಿತು. ಕೆಲಸ ಮುಗಿದ ತಕ್ಷಣ ಅಣ್ಣನ ಮನೆಗೆ ಓಡಿದೆ.

ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ಹೇಳಿದೆ. "ನಾನು ಕುಡಿಯೋನಲ್ಲ ಅನ್ನೋದು ಊರಿಗೇ ಗೊತ್ತು. ಅದನ್ನ ಹೇಳೋಕೆ ಇನ್ನೊಬ್ಬನ ಮುಂದೆ ಬಟ್ಟೆ ಬಿಚ್ಚಬೇಕಾ? ಒಬ್ಬರ ಮುಂದೆ ಆಗಿದ್ದು ಸಾಲದಾ?" ಎಂದ. ಅತ್ತಿಗೆ ಅಳುತ್ತಿದ್ದರು. ಮಗಳು ನನಗಿಂತ ಮೊದಲೇ ಅಲ್ಲಿದ್ದಳು. ಅವಳಿಗೆ ಯಾರು ಹೇಳಿದರೋ. ನನ್ನ ಕಡೆ ನೋಡಲೂ ಇಲ್ಲ.

ಮೇ 19, ಸೋಮವಾರ

ಮತ್ತೆ ಹೋಗಿದ್ದೆ. ಬಾಗಿಲು ತೆಗೆಯಲಿಲ್ಲ. ಒಳಗೆ ರೇಡಿಯೋ ಸದ್ದಿತ್ತು. ಅತ್ತಿಗೆ ಹಿತ್ತಿಲ ಕಡೆಯಿಂದ ಬಂದು, "ಹಟ ಹಿಡಿದಿದ್ದಾರೆ. ನೀನೇ ಹೇಗಾದ್ರೂ ಮಾಡಿ ಎಳೆದುಕೊಂಡು ಹೋಗೇ" ಎಂದರು. ಬಲವಂತದಿಂದ ಕರೆದುಕೊಂಡು ಹೋಗಲು ಅವನೇನು ಮಗುವೇ? ಅವಕಾಶ ಕೊಟ್ಟಿದ್ದಾರೆ, ಉಪಯೋಗಿಸಿಕೊಳ್ಳುವುದು ಅವರವರಿಗೆ ಬಿಟ್ಟದ್ದು.

ಮೇ 23, ಶುಕ್ರವಾರ

ನಿನ್ನೆ ಹೋದರಂತೆ. ಮಗಳು ಕಾಲು ಹಿಡಿದು ಒಪ್ಪಿಸಿದಳಂತೆ. ವೈದ್ಯರು ನೋಡಿ ಬೈದರಂತೆ. ಪ್ರೊಸ್ಟೇಟ್ ಗ್ರಂಥಿ ಊದಿಕೊಂಡು ದಾರಿಯನ್ನೇ ಮುಚ್ಚಿದೆ, ಇಷ್ಟು ದಿನ ಹೇಗೆ ತಡೆದುಕೊಂಡಿದ್ದಿರಿ ಎಂದರಂತೆ. ಅದನ್ನೇ ಬರೆದುಕೊಟ್ಟಿದ್ದಾರೆ. ಮಗಳು ಅದನ್ನು ಹಿಡಿದುಕೊಂಡು ಡಿಪೋಗೇ ಬಂದಿದ್ದಳು. ಆಫೀಸರ್ ಓದಿದರು. "ಇದರಲ್ಲಿ ಅನುಮಾನ ಪಡೋ ಅಂಥದ್ದು ಏನೂ ಇಲ್ಲಮ್ಮ. ಆದ್ರೆ ಗಡುವು ಮುಗಿದುಹೋಗಿದೆ. ನನ್ನ ಕೈಲಿ ಏನಿದೆ ಹೇಳಿ?" ಎಂದರು.

ಮಗಳು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು. "ನೀನಾದ್ರೂ ಹೇಳಮ್ಮ."

ಎದುರಿಗೆ ಒಬ್ಬ ಚಾಲಕ ಊದಲು ಕಾಯುತ್ತಿದ್ದ. ಆಮೇಲೆ ಮಾತಾಡೋಣ ಎಂದೆ. ಅವನು ಊದಿ ಮುಗಿಸುವ ಹೊತ್ತಿಗೆ ಅವಳು ಹೋಗಿಬಿಟ್ಟಿದ್ದಳು.

ಜೂನ್ 2, ಸೋಮವಾರ

ಚಾಲಕರ ಸಂಘದ ಕಾರ್ಯದರ್ಶಿ ಮನೆಗೆ ಬಂದಿದ್ದರು. ಮೊದಲು ಲಾರಿ ಓಡಿಸುತ್ತಿದ್ದವರು. ಈಗ ಮೊಣಕಾಲು ಹೋಗಿ ಸಂಘದ ಕೆಲಸ ನೋಡಿಕೊಳ್ಳುತ್ತಾರೆ. ಟೀ ಕುಡಿದು ಮೆಲ್ಲಗೆ ವಿಷಯಕ್ಕೆ ಬಂದರು.

"ಅಕ್ಕಾ, ಒಂದು ದಾರಿ ಇದೆ. ಅಣ್ಣನ ಸ್ಯಾಂಪಲ್ ತಂಗಿ ತಗೊಂಡಿದ್ದೇ ತಪ್ಪು. ನಾನು ಅವನ ತಂಗಿ ಅಂತ ನೀವು ಒಂದೇ ಒಂದು ಸಾಲು ಬರೆದುಕೊಡಿ. ಪರೀಕ್ಷೆ ಬಿದ್ದುಹೋಗುತ್ತೆ. ಹದಿನಾಲ್ಕನೇ ತಾರೀಕಿನ ತನಕ ಮೇಲ್ಮನವಿಗೆ ಅವಕಾಶ ಇದೆ."

"ಇಡೀ ಡಿಪೋಗೆ ಗೊತ್ತಲ್ಲ ನಾನು ತಂಗಿ ಅಂತ" ಎಂದೆ.

"ಗೊತ್ತಿರೋದು ಬೇರೆ, ಬರೆದುಕೊಡೋದು ಬೇರೆ. ಸಂಬಂಧ ಇಲ್ಲ ಅಂತ ನಿಮ್ಮ ಸಹಿ ಇದೆ. ಅದನ್ನ ನೀವೇ ಸುಳ್ಳು ಅನ್ನಬೇಕು. ಬೇರೆ ಯಾರು ಹೇಳಿದ್ರೂ ನಡೆಯಲ್ಲ."

ಎಷ್ಟೋ ದಿನದ ಮೇಲೆ ಸಮಾಧಾನವಾಗಿದೆ. ಒಂದು ಸಾಲು ತಾನೇ. ನಾಳೆಯೇ ಬರೆದುಕೊಡುತ್ತೇನೆ ಎಂದೆ. ಮಗಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದವಳು ಬಂದು ಹಿಂದಿನಿಂದ ತಬ್ಬಿಕೊಂಡಳು. ಅವಳ ಕೂದಲಲ್ಲಿ ಶ್ಯಾಂಪೂ ಬಿಟ್ಟರೆ ಬೇರೆ ವಾಸನೆಯಿರಲಿಲ್ಲ.

ಜೂನ್ 5, ಗುರುವಾರ

ಬರೆಯುವ ಮೊದಲು ಆಫೀಸರಿಗೆ ತಿಳಿಸುವುದು ಧರ್ಮ ಎಂದು ಹೋಗಿ ಹೇಳಿದೆ. ಅವರು ಬಾಗಿಲು ಹಾಕಿ ಕೂರಿಸಿದರು.

"ಬರೆದುಕೊಡಿ. ನಾನು ತಡೆಯಲ್ಲ. ಆದ್ರೆ ಮುಂದೇನಾಗುತ್ತೆ ಅಂತ ತಿಳ್ಕೊಂಡು ಬರೀರಿ. ನಿಮ್ಮ ಸರ್ಟಿಫಿಕೇಟ್ ಹೋಗುತ್ತೆ. ನೀವು ಇಲ್ಲಿತನಕ ತಗೊಂಡಿರೋ ಪರೀಕ್ಷೆಗಳೆಲ್ಲ ಪ್ರಶ್ನೆಗೆ ಬರುತ್ತೆ. ಒಂದು ಸಹಿ ಸುಳ್ಳು ಅಂದ್ಮೇಲೆ ಉಳಿದ ಸಹಿಗಳನ್ನ ಯಾರು ನಂಬ್ತಾರೆ? ಮೊದಲು ಅರ್ಜಿ ಹಾಕೋನೇ ಕೋಗಿಲೆ. ಅವನು ಮತ್ತೆ ಹೆದ್ದಾರಿಗೆ ಬರ್ತಾನೆ."

ನೀವೇ ಮುಗಿಸಿ ಎಂದವರು ನೀವಲ್ಲವೇ ಎಂದು ಕೇಳಬೇಕೆನಿಸಿತು. ಕೇಳದೆ ಎದ್ದು ಬಂದೆ. ಅವರೂ ಆ ಮಾತೆತ್ತಲಿಲ್ಲ.

ಯೋಚನೆ ಮಾಡಬೇಕು. ಇನ್ನೂ ದಿನವಿದೆ.

ಜೂನ್ 10, ಮಂಗಳವಾರ

ಕಾರ್ಯದರ್ಶಿ ಎರಡು ಸಲ ಫೋನ್ ಮಾಡಿದ್ದರು. ಕೈಯಲ್ಲಿ ಕೆಲಸವಿತ್ತು.

ಕೋಗಿಲೆಯ ಲಾರಿ ಎದುರಿಗೆ ಬರುವ ವ್ಯಾನಿನಲ್ಲಿ ಯಾರದೋ ಮಗಳಿದ್ದರೆ? ಇದನ್ನು ಯಾರೂ ಯೋಚಿಸುವುದಿಲ್ಲ. ಎಲ್ಲರಿಗೂ ಅವರವರ ಮನೆಯದ್ದೇ ದೊಡ್ಡದು.

ನಾಳೆ ಬರೆಯುತ್ತೇನೆ.

ಜೂನ್ 12, ಗುರುವಾರ

ನಾಳೆ.

ಜೂನ್ 16, ಸೋಮವಾರ

ಮೇಲ್ಮನವಿಯ ದಿನ ದಾಟಿಹೋಯಿತು. ಶನಿವಾರ ತಲೆನೋವಿತ್ತು, ಇಡೀ ದಿನ ಮಲಗಿದ್ದೆ. ಭಾನುವಾರ ಕಚೇರಿ ಇರುವುದಿಲ್ಲ.

ಮಗಳು ಬಟ್ಟೆ ತುಂಬಿಕೊಂಡು ಅಣ್ಣನ ಮನೆಗೆ ಹೋಗಿದ್ದಾಳೆ. ಅತ್ತಿಗೆಗೂ ಕೈಯಾಸರೆಗೆ ಒಬ್ಬರು ಬೇಕಿತ್ತು, ಸಹಾಯವಾಗುತ್ತದೆ.

ಜುಲೈ 8, ಮಂಗಳವಾರ

ರೂಲಿನ ಪ್ರಕಾರ ಪರೀಕ್ಷೆಯಲ್ಲಿ ಬಿದ್ದವರು ಮತ್ತೆ ಲಾರಿ ಹತ್ತಬೇಕಾದರೆ ಕುಡಿತ ಬಿಡಿಸುವವರ ಹತ್ತಿರ ತರಗತಿಗೆ ಹೋಗಬೇಕು. ಅದು ಮುಗಿದ ಮೇಲೆ ಮತ್ತೊಂದು ಪರೀಕ್ಷೆ. ಆಗ ಒಬ್ಬ ಗಂಡಸು ಪಕ್ಕದಲ್ಲೇ ನಿಂತು, ಮೂತ್ರ ಮೈಯಿಂದ ಲೋಟಕ್ಕೆ ಬೀಳುವುದನ್ನು ಕಣ್ಣಾರೆ ನೋಡಬೇಕು.

ಅಣ್ಣ ಮೊದಲ ತರಗತಿಗೆ ಹೋಗಿದ್ದನಂತೆ. ಎಲ್ಲರೂ ವೃತ್ತಾಕಾರವಾಗಿ ಕೂತು ತಾನು ಯಾವಾಗ ಕುಡಿಯಲು ಶುರು ಮಾಡಿದೆ ಎಂದು ಹೇಳಬೇಕು. ಕೋಗಿಲೆಯೂ ಅಲ್ಲೇ ಇದ್ದನಂತೆ. ಅಣ್ಣನ ಸರದಿ ಬಂದಾಗ ಎದ್ದು ನಿಂತು, "ನಾನು ಶುರು ಮಾಡಿಲ್ಲ" ಎಂದನಂತೆ. ಒಪ್ಪಿಕೊಳ್ಳದಿರುವುದೇ ಕಾಯಿಲೆಯ ಮೊದಲ ಲಕ್ಷಣ ಎಂದು ಅಲ್ಲಿನ ಮೇಡಂ ಹೇಳಿದರಂತೆ. ಅಣ್ಣ ವಾಪಸ್ ಬಂದವನು ಮತ್ತೆ ಹೋಗಿಲ್ಲ.

ಇದನ್ನೆಲ್ಲ ನನಗೆ ಹೇಳಿದ್ದು ಕ್ಯಾಂಟೀನಿನವನು. ಒಪ್ಪಿಕೊಂಡು ತರಗತಿ ಮುಗಿಸಿದ್ದರೆ ಅವನಿಗೇ ಒಳ್ಳೆಯದಿತ್ತು. ಬಾಯಿಮಾತಿಗೆ ಒಂದು ಸುಳ್ಳು ಹೇಳಿದರೆ ಏನು ಗಂಟು ಹೋಗುತ್ತಿತ್ತು?

ಇವತ್ತಿನ ಪಟ್ಟಿಯಲ್ಲಿ ಏಳು ಜನ. ಒಬ್ಬನಿಗೆ ಬರಲಿಲ್ಲ. ಅಳುತ್ತಿದ್ದ. ನೀರು ಕೊಟ್ಟು ಕೂರಿಸಿದೆ. ಕೊನೆಗೆ ಕೊಟ್ಟ. ಮನಸ್ಸು ಮಾಡಿದರೆ ಬರುತ್ತದೆ.

ಜುಲೈ 29, ಮಂಗಳವಾರ

ಮಧ್ಯಾಹ್ನ ಮಗಳ ಫೋನು ಬಂತು. ಮಾವನಿಗೆ ಮೂತ್ರ ಪೂರ್ತಿ ಕಟ್ಟಿಕೊಂಡಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದಳು. ಕೈಯಲ್ಲಿದ್ದ ಸ್ಯಾಂಪಲ್ಲಿಗೆ ಸೀಲು ಹಾಕಿ, ಸಹಿ ಮಾಡಿಸಿ, ಹೊರಟೆ.

ವಾರ್ಡಿನ ಕೊನೆಯ ಮಂಚ. ಅಣ್ಣನ ಹೊಟ್ಟೆ ಬುರುಬುರು ಊದಿಕೊಂಡಿತ್ತಂತೆ. ಕೊಳವೆ ಹಾಕಿ ತೆಗೆದಿದ್ದಾರೆ. ಮೂತ್ರಪಿಂಡಗಳು ಹಾಳಾಗಿವೆ, ಬಹಳ ದಿನದಿಂದ ಒತ್ತಡ ಬಿದ್ದಿದೆ, ಸದ್ಯಕ್ಕೆ ಶಸ್ತ್ರಚಿಕಿತ್ಸೆಯೂ ಮಾಡುವ ಹಾಗಿಲ್ಲ ಎಂದರು ವೈದ್ಯರು. ಕೊಳವೆ ಹಾಗೇ ಇರಬೇಕಂತೆ. ಎಷ್ಟು ದಿನ ಎಂದು ಅವರು ಹೇಳಲಿಲ್ಲ.

ಮಂಚದ ಪಕ್ಕದಲ್ಲಿ ಚೀಲ ನೇತಾಡುತ್ತಿತ್ತು. ಅಳತೆ ನೋಡಿದೆ. ಸುಮಾರು ಮುಕ್ಕಾಲು ಲೀಟರ್. ಬಣ್ಣ ಕಂದು, ಸ್ವಲ್ಪ ರಕ್ತ ಬೆರೆತಿದೆ. ಕೈಯಿಂದ ಮುಟ್ಟಿ ಬಿಸಿ ನೋಡಿದೆ. ಯಾಕೆ ಮುಟ್ಟಿದೆನೋ. ಅತ್ತಿಗೆ ಅದನ್ನು ಕಂಡರು.

"ತಗೊಂಡು ಹೋಗು" ಎಂದರು. ದನಿ ಏರಿಸಲಿಲ್ಲ. "ನಿನಗೆ ಬೇಕಾಗಿದ್ದು ಈಗ ಬಂದಿದೆ. ಗೆರೆ ದಾಟಿಯೇ ಬಂದಿದೆ. ತಗೊಂಡು ಹೋಗಿ ಕೊಡು ಅವರಿಗೆ."

ಅಕ್ಕಪಕ್ಕದ ಮಂಚದವರೆಲ್ಲ ನೋಡುತ್ತಿದ್ದರು. ಮಗಳು ಅತ್ತಿಗೆಯ ಭುಜ ಹಿಡಿದುಕೊಂಡಳು. ದುಃಖದಲ್ಲಿ ಮನುಷ್ಯರು ಏನೇನೋ ಆಡುತ್ತಾರೆ. ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ.

ಅಣ್ಣನ ಮುಖ ಹೇಗಿತ್ತು ಎಂದು ಈಗ ನೆನಪಿಸಿಕೊಳ್ಳಲು ನೋಡಿದೆ. ಬರುತ್ತಿಲ್ಲ.

ಆಗಸ್ಟ್ 1, ಶುಕ್ರವಾರ

ಹೊಸದಾಗಿ ಇಬ್ಬರನ್ನು ತೆಗೆದುಕೊಂಡಿದ್ದಾರೆ. ಅವರಿಗೆ ಕಲಿಸುವ ಕೆಲಸ ನನ್ನದು. ಒಬ್ಬಳು ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದಳು. ತಿರುಗಿಸಿ ನಿಲ್ಲಿಸಿದೆ.

ಆಗಸ್ಟ್ 17, ಭಾನುವಾರ

ಅಣ್ಣನನ್ನು ಮನೆಗೆ ಕಳಿಸಿ ವಾರವಾಗಿತ್ತು. ಹಣ್ಣು ತೆಗೆದುಕೊಂಡು ಹೋದೆ.

ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತಿದ್ದ. ಚೀಲವನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಕೊಂಡಿದ್ದ. ತುಂಬ ಇಳಿದುಹೋಗಿದ್ದಾನೆ. ಭುಜದ ಮೇಲೆ ಅಂಗಿ ಹ್ಯಾಂಗರಿನಲ್ಲಿ ತೂಗುಹಾಕಿದ ಹಾಗಿತ್ತು. ಹೊರಗೆ ಬೀದಿಯಲ್ಲಿ ಯಾವುದೋ ಲಾರಿ ಹಿಂದಕ್ಕೆ ಬರುತ್ತಿತ್ತು. ಅಣ್ಣ ಕಿಟಕಿಯ ಕಡೆ ತಿರುಗದೆಯೇ, ಸದ್ದಿನ ಮೇಲೆಯೇ ಬೆರಳಲ್ಲಿ ಸ್ಟೇರಿಂಗ್ ಆಡಿಸುತ್ತಿದ್ದ. ನನ್ನನ್ನು ಕಂಡು ಬೆರಳು ನಿಂತವು.

"ಬನ್ನಿ" ಎಂದ. "ಕೂತ್ಕೊಳ್ಳಿ."

ಅತ್ತಿಗೆ ಹೊರಗೆ ಬರಲಿಲ್ಲ. ಮಗಳು ನೀರು ತಂದಿಟ್ಟು ಒಳಗೆ ಹೋದಳು. ಊಟ ಸೇರುತ್ತಿದೆಯಾ ಎಂದು ಕೇಳಿದೆ. "ಸೇರುತ್ತೆ" ಎಂದ. ನಿದ್ದೆ? "ಬರುತ್ತೆ." ಅವನು ಯಾವತ್ತೂ ಒಂದು ಮಾತಿಗೆ ಹತ್ತು ಮಾತು ಸೇರಿಸುವವನು. ಸುಸ್ತಿರಬೇಕು. ಡಿಪೋದ ಒಂದೆರಡು ವಿಷಯ ಹೇಳಿದೆ, ಹೇಳಬಹುದಾದಂಥವು. ತಲೆಯಾಡಿಸಿದ.

"ಅಣ್ಣಾ, ಬನ್ನಿ ಹೋಗಿ ಅಂತ ಯಾಕೆ ಮಾತಾಡ್ತಿದ್ದೀಯ?" ಎಂದೆ, ನಗುತ್ತಲೇ.

ಅವನು ನಗಲಿಲ್ಲ, ಕೋಪವನ್ನೂ ಮಾಡಿಕೊಳ್ಳಲಿಲ್ಲ. ಪಂಚೆಯ ಮಡಿಕೆ ಸರಿಮಾಡಿಕೊಂಡ. "ಗೊತ್ತಿಲ್ಲ ಮೇಡಂ. ಬಾಯಿಗೆ ಹಾಗೇ ಬರ್ತಿದೆ" ಎಂದ.

ಹೊರಡುತ್ತೇನೆ ಎಂದು ಎದ್ದೆ. ಅವನೂ ಕುರ್ಚಿಯ ಕೈ ಹಿಡಿದು, ಚೀಲ ಎತ್ತಿಕೊಂಡು, ಕಷ್ಟಪಟ್ಟು ಎದ್ದು ನಿಂತ. ಕೂತಿರು ಎಂದರೂ ಕೇಳಲಿಲ್ಲ. ನಾನು ಬಾಗಿಲು ದಾಟುವತನಕ ತಲೆ ತಗ್ಗಿಸಿ ನಿಂತೇ ಇದ್ದ.

ಔಷಧಿಯ ಮಂಪರು ಇರಬೇಕು. ಕೆಲವು ಗುಳಿಗೆಗಳಿಗೆ ಹಾಗಾಗುತ್ತದೆ.

ಮನೆಗೆ ಬಂದು ಒಲೆ ಹಚ್ಚಿದೆ. ಮತ್ತೆ ಆರಿಸಿದೆ. ಹಸಿವಿಲ್ಲ. ನಾಳೆಯ ಪಟ್ಟಿ ಬಂದಿದೆ, ಒಂಬತ್ತು ಹೆಸರು. ಯಾವುದೂ ನನಗೆ ಬೇಕಾದವರದಲ್ಲ.